ಸಕ್ಕರೆಗೆ ಬದಲಿ: ಲೋಟಕ್ಕೆ ಸರಿ, ಬಾಣಲೆಗೆ?

ಹೋದ ಅಡಿಕೆ ಕೊಯ್ಲಿನ ಕಾಲ. ಸಂಜೆ ಏಳರ ಸುಮಾರಿಗೆ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಿಂದ ಅರವತ್ತೆಂಟು ವರ್ಷದ ಯಜಮಾನರೊಬ್ಬರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಿತ್ರದುರ್ಗದ ನಮ್ಮ ಕ್ಲಿನಿಕ್ಕಿಗೆ ಕರೆತಂದರು. ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಹೆಸರು ಕೇಳಿದರೆ ತೊದಲುತ್ತಿದ್ದರು. ಮಗನನ್ನು ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ, ದಿನಾ ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಅಂದು ಮಾತ್ರೆ ನುಂಗಿ ತೋಟಕ್ಕೆ ಹೋದವರು ಆಳುಗಳ ಜೊತೆ ನಿಂತು ಮಧ್ಯಾಹ್ನದ ಊಟವನ್ನೇ ಮರೆತಿದ್ದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 42 ಮಿಲಿಗ್ರಾಂ. 70ಕ್ಕಿಂತ ಕೆಳಗಿಳಿದರೇ ನಾವು ಎಚ್ಚರಗೊಳ್ಳುತ್ತೇವೆ.

ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಐದಾರು ನಿಮಿಷದಲ್ಲಿ ಅವರು ಕಣ್ಣರಳಿಸಿ "ಊಟ ಆಯ್ತಾ ಡಾಕ್ಟ್ರೇ?" ಎಂದು ನನ್ನನ್ನೇ ವಿಚಾರಿಸಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಅವರ ಸೊಸೆ ಹೇಳಿದ ಮಾತು ಕೇಳಿ ನಗು ನಿಂತಿತು.

"ಲೋ ಶುಗರ್ ಆಗಿರ್ಬೇಕು ಅಂತ ನಮಗೆ ಗೊತ್ತಾಯ್ತು ಸಾರ್. ಹಂಗಾದಾಗ ಸಿಹಿ ಕೊಡಿ ಅಂತ ನೀವೇ ಹೇಳಿದ್ರಲ್ಲ. ಎರಡು ಲೋಟ ಸಿಹಿ ಟೀ ಕುಡಿಸಿದ್ವಿ. ಮಾವನೋರು ಪೂರ್ತಿ ಕುಡಿದ್ರು. ಆದ್ರೂ ಇಳೀತಾನೇ ಹೋದ್ರು."

ಟೀಗೆ ಎಷ್ಟು ಚಮಚ ಸಕ್ಕರೆ ಹಾಕಿದ್ದಿರಿ ಎಂದು ಕೇಳಿದೆ.

"ಸಕ್ಕರೆ ಎಲ್ಲೈತೆ ಸಾರ್? ಮನೆಗೆ ತರೋದೇ ಬಿಟ್ಟು ಎರಡು ವರ್ಷ ಆಯ್ತು. ಆ ಶುಗರ್ ಮಾತ್ರೆ ಇರ್ತಾವಲ್ಲ, ಟೀಗೆ ಹಾಕೋವು, ಅವನ್ನೇ ಹಾಕಿದ್ವಿ. ಲೋಟಕ್ಕೆ ನಾಲ್ಕು."

ತಪ್ಪು ಆ ತಾಯಿಯದಲ್ಲ, ನನ್ನದು. "ಸಿಹಿ ಕೊಡಿ" ಎಂದಿದ್ದೆ; "ಸಕ್ಕರೆ ಕೊಡಿ" ಎನ್ನಬೇಕಿತ್ತು. ನಾಲಿಗೆಯ ಮಟ್ಟಿಗೆ ಎರಡೂ ಒಂದೇ. ರಕ್ತಕ್ಕೆ ಹಾಗಲ್ಲ. ಲೋಟಕ್ಕೆ ನಾಲ್ಕು ಮಾತ್ರೆ ಹಾಕಿದ ಆ ಟೀ ಎಂಟು ಚಮಚ ಸಕ್ಕರೆ ಹಾಕಿದಷ್ಟೇ ಸಿಹಿಯಾಗಿದ್ದಿರಬೇಕು, ಆದರೆ ಮಿದುಳಿಗೆ ಬೇಕಾದ ಗ್ಲೂಕೋಸ್ ಅದರಲ್ಲಿ ಇರಲಿಲ್ಲ. ಹಾಲಿನಲ್ಲಿದ್ದ ಒಂದಿಷ್ಟು ಸಕ್ಕರೆ ಆ ಹೊತ್ತಿಗೆ ಏತಕ್ಕೂ ಸಾಲದು. ಅಂದಿನಿಂದ ಈ ಮಾತ್ರೆ, ಪುಡಿ, ಹನಿಗಳ ಬಗ್ಗೆ ಒಮ್ಮೆ ವಿವರವಾಗಿ ಬರೆಯಬೇಕು ಎಂದುಕೊಂಡಿದ್ದೆ. ಇವು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದು ಅಡುಗೆಮನೆಯಲ್ಲಿ ನಿಂತು ನೋಡಿದರೆ ಬೇಗ ಅರ್ಥವಾಗುತ್ತದೆ.

ಮೊದಲು ನಾಲಿಗೆಯ ವಿಚಾರ. ನಮ್ಮ ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಬಾಗಿಲು ಒಂದೇ ಬಗೆಯದು. ಸಕ್ಕರೆ, ಬೆಲ್ಲ, ಜೇನು, ಸ್ಯಾಕರಿನ್, ಸ್ಟೀವಿಯಾ ಎಲ್ಲವೂ ಆ ಬಾಗಿಲನ್ನೇ ತಟ್ಟುತ್ತವೆ. ನಂಬಿಕೆ ಬಾರದಿದ್ದರೆ ಮಧುನಾಶಿನಿಯ ಎರಡು ಎಲೆಗಳನ್ನು ಚೆನ್ನಾಗಿ ಅಗಿದು, ಬಾಯಿ ಮುಕ್ಕಳಿಸಿ, ಮೇಲೆ ಒಂದು ಚಮಚ ಸಕ್ಕರೆ ಹಾಕಿಕೊಂಡು ನೋಡಿ. ಬಾಯಲ್ಲಿ ಮರಳು ಹಾಕಿಕೊಂಡಂತೆ ಇರುತ್ತದೆ, ಸಿಹಿಯ ಸುಳಿವೇ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಸ್ಯಾಕರಿನ್ ಹಾಕಿದ ಟೀ ಕುಡಿದರೆ ಅದೂ ಸಪ್ಪೆ. ಎಲೆಯಲ್ಲಿರುವ ಅಂಶ ಅರ್ಧ ಗಂಟೆಯವರೆಗೆ ಆ ಬಾಗಿಲನ್ನು ಮುಚ್ಚಿರುತ್ತದೆ. ಇದನ್ನು ಬರಿ ಆಟಕ್ಕೆ ಹೇಳಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ದಿನಾ ಇದರ ಪುಡಿ ತಿನ್ನಲು ಹೊರಡಬೇಡಿ.

ಬಾಗಿಲು ಒಂದೇ ಆದರೂ ಬರುವ ನೆಂಟರ ನಡವಳಿಕೆ ಬೇರೆ ಬೇರೆ. ಸಕ್ಕರೆ ನಾಲಿಗೆಗೆ ತಾಗಿದ ಕೂಡಲೇ ಸಿಹಿ ಕೊಡುತ್ತದೆ, ನುಂಗಿದ ಮೇಲೆ ಬೇಗ ಹೊರಟುಹೋಗುತ್ತದೆ. ಆಸ್ಪರ್ಟೇಮ್ ಒಂದು ಗಳಿಗೆ ತಡವಾಗಿ ಬರುತ್ತದೆ, ಬಂದ ಮೇಲೆ ಏಳುವುದಿಲ್ಲ. ಸುಕ್ರಲೋಸ್ ಸಕ್ಕರೆಗೆ ಎಲ್ಲಕ್ಕಿಂತ ಹತ್ತಿರ, ಆದರೂ ಗಂಟಲಲ್ಲಿ ಸಿಹಿ ಉಳಿದುಕೊಂಡಂತೆ ಅನ್ನಿಸುತ್ತದೆ. ಸ್ಟೀವಿಯಾಕ್ಕೆ ಅತಿಮಧುರದ ಬೇರು ಜಗಿದಂಥ ಒಂದು ವಾಸನೆ ಉಂಟು. ಸ್ಯಾಕರಿನ್ ಆದರೋ ಕೊನೆಗೆ ಕಹಿಯನ್ನೂ ಕಬ್ಬಿಣ ನೆಕ್ಕಿದಂಥ ರುಚಿಯನ್ನೂ ಬಿಟ್ಟು ಹೋಗುತ್ತದೆ. ನಾನು ಹುಡುಗನಾಗಿದ್ದಾಗ ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಲ್ಲಿ ಕೆಂಪು ಬಣ್ಣದ ಐಸ್ ಕ್ಯಾಂಡಿ ಚೀಪಿ ಮುಗಿಸಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದು ಕಹಿ ಕೂತಿರುತ್ತಿತ್ತು. ಅಗ್ಗದ ಕ್ಯಾಂಡಿಗೆ ಸ್ಯಾಕರಿನ್ ಬೀಳುತ್ತದೆ ಎಂಬುದು ಆಗ ದೊಡ್ಡವರಿಗೆಲ್ಲ ತಿಳಿದ ಗುಟ್ಟು. ನನಗೆ ಅದು ಅರ್ಥವಾದದ್ದು ಮೆಡಿಕಲ್ ಕಾಲೇಜಿಗೆ ಬಂದ ಮೇಲೆ.

ಈ ಕಹಿ ಎಲ್ಲರಿಗೂ ಒಂದೇ ಸಮನಾಗಿ ತಿಳಿಯುವುದಿಲ್ಲ. ಕಹಿಯನ್ನು ಗುರುತಿಸುವ ಬಾಗಿಲುಗಳು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆದ್ದರಿಂದ ಗಂಡನಿಗೆ ಚೆನ್ನಾಗಿದೆ ಎನಿಸಿದ ಟೀ ಹೆಂಡತಿಗೆ ಕಹಿ ಕಷಾಯವಾದರೆ ಯಾರೂ ನಾಟಕ ಮಾಡುತ್ತಿಲ್ಲ ಎಂದು ತಿಳಿಯಿರಿ. ಬೇರೆ ಜಾತಿಯ ಮಾತ್ರೆ ತಂದು ನೋಡಿ. ಇನ್ನೊಂದು ವಿಷಯ. ಸಿಹಿ ಸಾಲದು ಎಂದು ಸ್ಯಾಕರಿನ್, ಸ್ಟೀವಿಯಾಗಳನ್ನು ಹೆಚ್ಚು ಹೆಚ್ಚು ಸುರಿದರೆ ಒಂದು ಹಂತದ ಮೇಲೆ ಸಿಹಿ ಹೆಚ್ಚುವುದಿಲ್ಲ, ಕಹಿ ಮಾತ್ರ ಹೆಚ್ಚುತ್ತದೆ.

ಈ ಪದಾರ್ಥಗಳು ಸಿಕ್ಕಿದ ಕತೆಗಳೂ ಸ್ವಾರಸ್ಯವಾಗಿವೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಫಾಲ್ಬರ್ಗ್ ಎಂಬ ರಸಾಯನ ವಿಜ್ಞಾನಿ ಪ್ರಯೋಗಾಲಯದಿಂದ ಮನೆಗೆ ಹೋಗಿ ಕೈ ತೊಳೆಯದೆ ಊಟಕ್ಕೆ ಕೂತ. ಬ್ರೆಡ್ಡು ಸಿಹಿಯಾಗಿತ್ತು, ಕೈಗೆ ಅಂಟಿದ್ದದ್ದು ಸ್ಯಾಕರಿನ್. 1965ರಲ್ಲಿ ಶ್ಲಾಟರ್ ಎಂಬಾತ ಕಾಗದ ತೆಗೆಯಲು ಬೆರಳು ನೆಕ್ಕಿದ, ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಮ್ಮ ದೇಶದವರೇ ಆದ ಶಶಿಕಾಂತ ಫಡ್ನಿಸ್ ಅವರಿಗೆ ಒಂದು ಪುಡಿಯನ್ನು "ಟೆಸ್ಟ್" ಮಾಡಲು ಹೇಳಿದ್ದು "ಟೇಸ್ಟ್" ಎಂದು ಕೇಳಿಸಿತಂತೆ. ಅವರು ನಾಲಿಗೆಗೆ ಹಚ್ಚಿಕೊಂಡರು. ಸುಕ್ರಲೋಸ್ ಬೆಳಕಿಗೆ ಬಂತು. ಕೈ ತೊಳೆಯದೆ ತಾಟಿನ ಮುಂದೆ ಕೂತರೆ ನಮ್ಮ ಅಜ್ಜಿ ಬೆನ್ನಿಗೆ ಒಂದು ಬಿಡುತ್ತಿದ್ದರು. ಈ ಮಹಾನುಭಾವರಿಗೆ ಅಂಥ ಅಜ್ಜಿ ಇರಲಿಲ್ಲವೆಂದು ಕಾಣುತ್ತದೆ.

ಇವುಗಳ ಬಲ ನೋಡಿ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಸ್ಟೀವಿಯಾ ಎಲೆಯಿಂದ ಶುದ್ಧ ಮಾಡಿದ ಅಂಶ 200ರಿಂದ 300 ಪಟ್ಟು, ಸ್ಯಾಕರಿನ್ 300ಕ್ಕೂ ಮಿಗಿಲು, ಸುಕ್ರಲೋಸ್ ಸುಮಾರು 600 ಪಟ್ಟು. ಅಂದರೆ ಕಾಲು ಕಿಲೋ ಸಕ್ಕರೆಯ ಸಿಹಿಗೆ ಸುಕ್ರಲೋಸ್ ಅರ್ಧ ಗ್ರಾಮೂ ಬೇಡ. ಇದು ಹೆಗ್ಗಳಿಕೆಯ ಮಾತು ಎಂದು ಕಂಪನಿಗಳು ಹೇಳುತ್ತವೆ. ಅಡುಗೆಮನೆಯಲ್ಲಿ ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಹಿಂದಿನ ಒಂದು ಯುಗಾದಿಗೆ ನಮ್ಮ ಮನೆಯಲ್ಲೇ ಇದನ್ನು ಪರೀಕ್ಷಿಸಿದೆವು. ನನ್ನ ತಂದೆಗೆ ಸಕ್ಕರೆ ಕಾಯಿಲೆ. ಅವರಿಗೆ ಹೋಳಿಗೆ ತಪ್ಪಬಾರದೆಂದು ತಾಯಿಯ ಹಟ. ಒಂದು ಒಲೆಯ ಮೇಲೆ ಎಂದಿನಂತೆ ಒಂದು ಪಾವು ಬೇಳೆಗೆ ಒಂದು ಪಾವು ಬೆಲ್ಲ. ಇನ್ನೊಂದರ ಮೇಲೆ ಅಷ್ಟೇ ಬೇಳೆಗೆ ಸುಕ್ರಲೋಸ್ ಪುಡಿ. ಬೆಲ್ಲ ಬಿದ್ದ ಬೇಳೆ ಮೊದಲು ನೀರಾಯಿತು, ಕುದಿಯುತ್ತ ಗಟ್ಟಿಯಾಯಿತು, ಹೊಳಪು ಬಂತು, ರುಬ್ಬಿದರೆ ಬೆಣ್ಣೆಯಂತೆ ಉಂಡೆ ಕಟ್ಟಿತು. ಇನ್ನೊಂದು ಬೇಳೆ ಎಷ್ಟು ಹೊತ್ತು ಬಿಟ್ಟರೂ ಬೇಯಿಸಿದ ಬೇಳೆಯೇ. ರುಬ್ಬಿದರೆ ಹಿಟ್ಟು ಹಿಟ್ಟು. ಕಣಕದೊಳಗಿಟ್ಟು ತಟ್ಟುವಾಗ ಅಂಚಿನಲ್ಲಿ ಒಡೆದು ಹೊರಬಂತು. ತಾಯಿ ಒಂದು ತುಣುಕು ಬಾಯಿಗೆ ಹಾಕಿಕೊಂಡು, "ಸಿಹಿ ಐತೆ ಕಣೋ. ಹೋಳಿಗೆ ಇಲ್ಲ" ಎಂದರು. ಈ ವಿಷಯದ ಮೇಲೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇಷ್ಟು ಚೆನ್ನಾದ ಮಾತು ಸಿಕ್ಕಿಲ್ಲ.

ಕಾರಣ ಸರಳ. ಪಾವು ಬೆಲ್ಲ ಎಂದರೆ ಪಾತ್ರೆಯೊಳಗೆ ಬೀಳುವ ಇನ್ನೂರು ಗ್ರಾಂ ಪದಾರ್ಥ. ಅದನ್ನು ತೆಗೆದು ಒಂದು ಚಿಟಿಕೆ ಪುಡಿ ಹಾಕಿದರೆ ಸಿಹಿ ಸರಿಹೋಗುತ್ತದೆ, ಉಳಿದ ಇನ್ನೂರು ಗ್ರಾಂನ ಜಾಗ ಖಾಲಿ. ಸಕ್ಕರೆ ಅಡುಗೆಯಲ್ಲಿ ಸಿಹಿ ಕೊಡುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಅದು ತೂಕ ಕೊಡುತ್ತದೆ, ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗಿಡುತ್ತದೆ, ಕಾಯಿಸಿದರೆ ಪಾಕವಾಗುತ್ತದೆ, ಇನ್ನೂ ಕಾಯಿಸಿದರೆ ಕಂದುಬಣ್ಣಕ್ಕೆ ತಿರುಗಿ ಘಮ ಬಿಡುತ್ತದೆ. ಕೆಡದಂತೆ ಕಾಯುವುದೂ ಅದೇ. ಬೆಲ್ಲದ ಹೂರಣ ಮಾರನೆಯ ದಿನವೂ ಚೆನ್ನಾಗಿತ್ತು. ಯುಗಾದಿಯ ಸೆಕೆಗೆ ಸುಕ್ರಲೋಸಿನ ಹೂರಣ ಬೆಳಗಾಗುವುದರೊಳಗೆ ಹುಳಿ ವಾಸನೆ ಹೊಡೆಯಿತು. ಸಕ್ಕರೆ ಹೆಚ್ಚಿರುವ ತಿಂಡಿಯಲ್ಲಿ ನೀರೆಲ್ಲ ಸಕ್ಕರೆಯ ಹಿಡಿತದಲ್ಲಿರುತ್ತದೆ. ಸೂಕ್ಷ್ಮಜೀವಿಗಳಿಗೆ ಬೆಳೆಯಲು ನೀರು ಸಿಗುವುದಿಲ್ಲ. ಉಪ್ಪಿನಕಾಯಿಗೆ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ. ಆದ್ದರಿಂದ ಬದಲಿ ಸಿಹಿ ಹಾಕಿ ಏನೇ ಮಾಡಿದರೂ ಅಂದೇ ತಿಂದು ಮುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ.

ಪಾಕದ ತಿಂಡಿಗಳ ಗತಿಯನ್ನು ಬೇರೆ ಹೇಳಬೇಕಿಲ್ಲ. ಮೈಸೂರುಪಾಕಿಗೆ ಎಳೆಪಾಕ ಬೇಕು. ಶೇಂಗಾ ಉಂಡೆಗೆ ಬೆಲ್ಲದ ಪಾಕದ ಒಂದು ಹನಿ ತಟ್ಟೆಯ ನೀರಿಗೆ ಬಿಟ್ಟರೆ ಗಟ್ಟಿ ಗೋಲಿಯಾಗಬೇಕು. ಹೊಸದುರ್ಗದ ಕಡೆ ತೆಂಗು ಹೇರಳ. ಆ ಸೀಮೆಯಿಂದ ಬರುವ ನನ್ನ ರೋಗಿಗಳು ಹಬ್ಬ ಕಳೆದ ಮೇಲೆ ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ಬರುತ್ತಾರೆ. ಆ ಮಿಠಾಯಿ ಬಿಲ್ಲೆಯಾಗಿ ನಿಲ್ಲುವುದು ಸಕ್ಕರೆ ಆರುವಾಗ ಮತ್ತೆ ಹರಳುಗಟ್ಟುವುದರಿಂದ. ಎಷ್ಟು ಮಾತ್ರೆ ಅರೆದು ಹಾಕಿದರೂ ಪಾಕ ಬರದು, ಎಳೆ ಬರದು, ಬಿಲ್ಲೆ ನಿಲ್ಲದು. ಕೇಸರಿಬಾತ್ ಕೂಡ ಹಾಗೆಯೇ: ಬೆಂದ ರವೆಗೆ ಸಕ್ಕರೆ ಬಿದ್ದಾಗ ಸಡಿಲಾಗಿ ಮತ್ತೆ ಹದಕ್ಕೆ ಬರುತ್ತದಲ್ಲ, ಆ ಸಡಿಲ ಬರುವುದಿಲ್ಲ. ಸಿಹಿ ಉಪ್ಪಿಟ್ಟು ತಿಂದಂತಾಗುತ್ತದೆ.

ಹಾಗಾದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ "ಶುಗರ್‌ಲೆಸ್" ಎಂದು ಬರೆದ ಬರ್ಫಿ ಹೇಗೆ ನಿಲ್ಲುತ್ತದೆ ಎಂದು ನೀವು ಕೇಳಬಹುದು. ಕೆಲವಕ್ಕೆ ಖರ್ಜೂರ, ಅಂಜೂರ ಅರೆದು ಹಾಕಿರುತ್ತಾರೆ. ಖರ್ಜೂರದ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ಹೊರಗಿನಿಂದ ಸುರಿದಿಲ್ಲ ಎಂಬುದಷ್ಟೇ ವ್ಯತ್ಯಾಸ. ಇನ್ನು ಕೆಲವಕ್ಕೆ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಪದಾರ್ಥ ಹಾಕುತ್ತಾರೆ. ಇವು ಸಕ್ಕರೆಯಷ್ಟೇ ತೂಕ ಕೊಡುತ್ತವೆ, ಪಾಕದಂತೆ ನಿಲ್ಲುತ್ತವೆ, ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುತ್ತವೆ. ಆದರೆ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಒಂದು ದೀಪಾವಳಿಯ ಮಾರನೆ ದಿನ ನಿವೃತ್ತ ಮೇಷ್ಟರೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದರು. ರಾತ್ರಿಯಿಂದ ಏಳೆಂಟು ಸಲ ಭೇದಿ. ಏನು ತಿಂದಿರಿ ಎಂದರೆ, "ಶುಗರ್‌ಲೆಸ್ ಅಂತ ಧೈರ್ಯವಾಗಿ ಒಂದು ಪೆಟ್ಟಿಗೆ ಮುಗಿಸಿದೆ ಡಾಕ್ಟ್ರೇ." ಮಕ್ಕಳು ಬೆಂಗಳೂರಿನಿಂದ ಪ್ರೀತಿಯಿಂದ ತಂದದ್ದು. ಅದರೊಳಗಿನ ತುಪ್ಪ, ಖೋವಾ, ಗೋಡಂಬಿಯ ಕ್ಯಾಲರಿಗಳಂತೂ ಎಲ್ಲಿಗೂ ಹೋಗಿರುವುದಿಲ್ಲ.

ಬಾಣಲೆಯಲ್ಲಿ ಸೋತ ಈ ಮಾತ್ರೆಗಳು ಲೋಟದಲ್ಲಿ ಗೆಲ್ಲುತ್ತವೆ. ಕಾಫಿ, ಟೀ, ನಿಂಬೆ ಪಾನಕ ಇಲ್ಲೆಲ್ಲ ಸಕ್ಕರೆಯಿಂದ ನಮಗೆ ಬೇಕಾದದ್ದು ಸಿಹಿಯೊಂದೇ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಸಲ ಟೀ, ಸಲಕ್ಕೆ ಎರಡು ಚಮಚ ಎಂದರೆ ಹತ್ತು ಚಮಚ, ಹತ್ತಿರ ಹತ್ತಿರ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ದಿನಕ್ಕೆ ಎಲ್ಲ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ಸಕ್ಕರೆ ಕಾಯಿಲೆಯವರು, ಸಿಹಿ ಇಲ್ಲದೆ ಟೀ ಇಳಿಯುವುದೇ ಇಲ್ಲ ಎನ್ನುವವರು ಇಲ್ಲಿ ಮಾತ್ರೆ ಬಳಸಿದರೆ ನಿಜವಾದ ಉಪಯೋಗವಿದೆ.

ಆದರೆ ಹಾಕುವ ಹೊತ್ತು ಮುಖ್ಯ. ನಮ್ಮ ಕಡೆ ಟೀ ಎಂದರೆ ಹಾಲು, ಪುಡಿ, ಸಕ್ಕರೆ ಎಲ್ಲ ಒಟ್ಟಿಗೆ ಹಾಕಿ ಕೊತಕೊತ ಕುದಿಸುವುದು. ಆಸ್ಪರ್ಟೇಮನ್ನು ಹೀಗೆ ಕುದಿಸಿದರೆ ಅದು ಒಡೆದು ಸಿಹಿಯೇ ಹೊರಟುಹೋಗುತ್ತದೆ. ಆಮೇಲೆ ಮಾತ್ರೆಯಲ್ಲಿ ಸತ್ವವಿಲ್ಲ ಎಂದು ದೂರುತ್ತಾರೆ. ಸೋಸಿದ ಮೇಲೆ ಲೋಟಕ್ಕೆ ಹಾಕಿ ಕದಡಬೇಕು. ಸ್ಯಾಕರಿನ್, ಸುಕ್ರಲೋಸ್, ಸ್ಟೀವಿಯಾ ಕುದಿತವನ್ನು ತಡೆಯುತ್ತವೆ. ಹಾಗೆಂದು ಸುಕ್ರಲೋಸ್ ಹಾಕಿ ಒಲೆಯಲ್ಲಿ ಬೇಯಿಸುವುದು, ಎಣ್ಣೆಯಲ್ಲಿ ಕರಿಯುವುದು ಬೇಡ. 120 ಡಿಗ್ರಿ ಮೀರಿದ ಶಾಖದಲ್ಲಿ ಅದರಿಂದ ಹಾನಿಕರ ಪದಾರ್ಥಗಳು ಹುಟ್ಟಬಹುದೆಂದು ಜರ್ಮನಿಯ ಆಹಾರ ಸುರಕ್ಷತೆಯ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ನೀರು, ಹಾಲು ಕುದಿಯುವ ಶಾಖ ಅಷ್ಟಕ್ಕೆ ಏರುವುದಿಲ್ಲ.

ಪಾಯಸ ಇವೆರಡರ ನಡುವಿನದು. ಶಾವಿಗೆ ಪಾಯಸವನ್ನು ಇಳಿಸಿ, ಸ್ವಲ್ಪ ಆರಿದ ಮೇಲೆ ಬದಲಿ ಸಿಹಿ ಹಾಕಿದರೆ ಪರವಾಗಿಲ್ಲ ಎನ್ನುವಂತೆ ಬರುತ್ತದೆ. ಸಕ್ಕರೆಯ ಮಂದ ಇಲ್ಲದೆ ತೆಳ್ಳಗಾಗುವುದರಿಂದ ಹಾಲನ್ನು ಮೊದಲೇ ಇನ್ನಷ್ಟು ಕಾಯಿಸಿ ಇಂಗಿಸಿಕೊಳ್ಳಿ, ಏಲಕ್ಕಿ ಎರಡು ಹೆಚ್ಚೇ ಬೀಳಲಿ. ಬಿಸಿ ಹಾಲಿಗೆ ಬೆಲ್ಲ ಹಾಕಿ ಒಡೆಸಿಕೊಂಡವರಿಗೆ ಒಂದು ಸಮಾಧಾನ: ಇದರಿಂದ ಹಾಲು ಒಡೆಯುವುದಿಲ್ಲ. ಆದರೆ ಶಾವಿಗೆ ಶಾವಿಗೆಯೇ, ಹಿಟ್ಟಿನ ಪದಾರ್ಥ. ಅದು ಹೊಟ್ಟೆಯೊಳಗೆ ಗ್ಲೂಕೋಸ್ ಆಗಿಯೇ ತೀರುತ್ತದೆ. ಟೀಗೆ ಮಾತ್ರೆ, ಊಟಕ್ಕೆ ಬೆಟ್ಟದಂತೆ ಅನ್ನ ಎಂಬ ಲೆಕ್ಕದವರು ನನ್ನ ಬಳಿ ದಿನಾ ಬರುತ್ತಾರೆ.

ಈಗ ಬೆಲ್ಲದ ವಿಚಾರ. ಇದನ್ನು ಬರೆಯದಿದ್ದರೆ ಈ ಸೀಮೆಯಲ್ಲಿ ಲೇಖನ ಪೂರ್ತಿಯಾಗುವುದಿಲ್ಲ. ಹಿರಿಯೂರು 1907ರಲ್ಲಿ ಮುಗಿದ ಮಾರಿಕಣಿವೆಯ ನೀರಿನಲ್ಲಿ ಕಬ್ಬು ಬೆಳೆದ ಊರು, ಸಹಕಾರಿ ಸಕ್ಕರೆ ಕಾರ್ಖಾನೆಯನ್ನೂ ಕಂಡು, ಅದು ನಿಂತುಹೋದದ್ದನ್ನೂ ಕಂಡ ಊರು. ಆಲೆಮನೆಯ ಬಿಸಿ ಬೆಲ್ಲದ ರುಚಿ ಬಲ್ಲ ಹಿರಿಯರು, "ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದೀನಿ ಸಾರ್, ಈಗ ಭಯ ಇಲ್ಲ" ಎಂದು ಸಂತೋಷದಿಂದ ಹೇಳುತ್ತಾರೆ. ಅವರ ರಿಪೋರ್ಟು ನೋಡಿದರೆ ಮೂರು ತಿಂಗಳ ಸರಾಸರಿ ಏರಿ ಕೂತಿರುತ್ತದೆ. ಬೆಲ್ಲ ರುಚಿಯಲ್ಲಿ ಸಕ್ಕರೆಗಿಂತ ಮೇಲು ಎಂದರೆ ನಾನೂ ಒಪ್ಪುತ್ತೇನೆ. ಹೋಳಿಗೆಗೆ ಸಕ್ಕರೆ ಹಾಕುವವರ ಮನೆಗೆ ನಾನು ಊಟಕ್ಕೆ ಹೋಗುವುದಿಲ್ಲ ಎಂದು ತಮಾಷೆ ಮಾಡುವುದೂ ಉಂಟು. ಅದರಲ್ಲಿ ಒಂದಿಷ್ಟು ಕಬ್ಬಿಣ, ಖನಿಜಗಳಿವೆ, ನಿಜ. ಆದರೆ ನೂರು ಗ್ರಾಂ ಬೆಲ್ಲದಲ್ಲಿ ಸುಮಾರು ಎಂಬತ್ತು ಗ್ರಾಂಗೂ ಮಿಕ್ಕಿ ಸಕ್ಕರೆಯೇ ಇರುತ್ತದೆ. ಬಣ್ಣ ಕಪ್ಪಾದಷ್ಟಕ್ಕೆ ರಕ್ತ ಮೋಸ ಹೋಗುವುದಿಲ್ಲ. ಜೇನುತುಪ್ಪ, ತಾಳೆ ಬೆಲ್ಲ, ಕಂದು ಸಕ್ಕರೆಗಳ ಕತೆಯೂ ಇದೇ. ಇವು ರುಚಿಯ ಬದಲಿಗಳು, ಸಕ್ಕರೆ ಕಾಯಿಲೆಗೆ ಬದಲಿಗಳಲ್ಲ.

"ಈ ಮಾತ್ರೆಗಳಿಂದ ಕ್ಯಾನ್ಸರ್ ಬರುತ್ತಂತಲ್ಲ?" ಎಂಬ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಇಲಿಗಳಿಗೆ ಸ್ಯಾಕರಿನ್ ತಿನ್ನಿಸಿದಾಗ ಮೂತ್ರಕೋಶದ ಗಡ್ಡೆ ಕಂಡದ್ದರಿಂದ ಅಮೆರಿಕದಲ್ಲಿ ಅದರ ಮೇಲೆ ಎಚ್ಚರಿಕೆ ಚೀಟಿ ಅಂಟಿಸುತ್ತಿದ್ದರು. ಮನುಷ್ಯರಿಗೆ ಅದು ಅನ್ವಯಿಸದೆಂದು ತಿಳಿದು 2000ದಲ್ಲಿ ಆ ಚೀಟಿ ತೆಗೆದರು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು "ಕ್ಯಾನ್ಸರ್ ತರಬಹುದೇನೋ" ಎಂಬ ಪಟ್ಟಿಗೆ ಸೇರಿಸಿತು. ಸಾಕ್ಷ್ಯ ಬಲವಾಗಿಲ್ಲದ ಸಂದೇಹಗಳ ಪಟ್ಟಿ ಅದು. ಅದೇ ದಿನ ಇನ್ನೊಂದು ತಜ್ಞರ ಸಮಿತಿ ದಿನಕ್ಕೆ ಕಿಲೋ ತೂಕಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಒಂದು ಮಾತ್ರೆಯಲ್ಲಿ ಇರುವುದು ಸುಮಾರು 18ರಿಂದ 20 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರು ಆ ಮಿತಿ ಮುಟ್ಟಲು ದಿನಕ್ಕೆ ನೂರಕ್ಕೂ ಹೆಚ್ಚು ಮಾತ್ರೆ ನುಂಗಬೇಕು. ಟೀಗೆ ಹಾಕುವ ನಾಲ್ಕು ಮಾತ್ರೆಗೆ ಹೆದರಿ, ಬೀಡಿ ಹಚ್ಚಿಕೊಂಡು ಕೂತವರನ್ನೂ ನೋಡಿದ್ದೇನೆ. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟಿನ ಅಪರೂಪದ ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಲೇಬಾರದು. ಚಿಕ್ಕ ಮಕ್ಕಳಿಗೆ ಈ ಯಾವುದರ ಅಭ್ಯಾಸವೂ ಬೇಡ. ಬಸುರಿಯರು ಸ್ಯಾಕರಿನ್ ಬಿಡುವುದು ಒಳ್ಳೆಯದು.

ತೂಕ ಇಳಿಸಲು ಇವನ್ನು ಬಳಸುವವರಿಗೆ ಇನ್ನೊಂದು ಮಾತು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕದ ಹತೋಟಿಗೆಂದು ಈ ಪದಾರ್ಥಗಳನ್ನು ಆಶ್ರಯಿಸಬೇಡಿ, ದೂರದ ಲೆಕ್ಕದಲ್ಲಿ ಕೊಬ್ಬು ಇಳಿದದ್ದು ಕಾಣುವುದಿಲ್ಲ ಎಂದಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸದು. ನನಗೆ ಆ ಮಾತು ಸರಿಯೆನಿಸುತ್ತದೆ. ಮಾತ್ರೆ ಹಾಕಿಕೊಂಡೆನಲ್ಲ ಎಂಬ ಧೈರ್ಯದಲ್ಲಿ ಇನ್ನೆರಡು ಬಜ್ಜಿ ಎತ್ತಿಕೊಳ್ಳುವುದು ಮನುಷ್ಯ ಸ್ವಭಾವ. ಕಾಯಿಲೆ ಇಲ್ಲದವರಿಗೆ ನಾನು ಹೇಳುವುದು ಬೇರೆ ದಾರಿ: ಎರಡು ಚಮಚ ಹಾಕುವವರು ಹದಿನೈದು ದಿನ ಒಂದೂವರೆ ಹಾಕಿ, ಮತ್ತೆ ಹದಿನೈದು ದಿನ ಒಂದು, ಆಮೇಲೆ ಅರ್ಧ. ನಾಲಿಗೆ ಪಳಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ನೆಂಟರ ಮನೆಯ ಟೀ ನಿಮಗೇ ಪಾನಕದಂತೆ ಅನ್ನಿಸುತ್ತದೆ.

ಮತ್ತೆ ಹೊಳಲ್ಕೆರೆಯ ಯಜಮಾನರ ಮನೆಗೆ ಬರುತ್ತೇನೆ, ಏಕೆಂದರೆ ಅಂಥ ಮನೆಗಳು ನಮ್ಮಲ್ಲಿ ಸಾವಿರಾರು ಇವೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ನುಂಗುವವರು ಇರುವ ಮನೆಯಲ್ಲಿ ನಿಜವಾದ ಸಕ್ಕರೆ ಇರಲೇಬೇಕು. ಮೈ ಬೆವೆತು, ಕೈ ನಡುಗಿ, ಎದೆ ಡವಗುಟ್ಟಿ, ವಿಪರೀತ ಹಸಿವಾದರೆ, ಅಥವಾ ಸುಮ್ಮನಿದ್ದವರು ಇದ್ದಕ್ಕಿದ್ದಂತೆ ರೇಗಿ ಅಡ್ಡಾದಿಡ್ಡಿ ಮಾತಾಡಿದರೆ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ. ಮೂರು ನಾಲ್ಕು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಚೇತರಿಸಿಕೊಂಡ ಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ನಡೆಯಿರಿ. ಈ ಮಾತ್ರೆಗಳಿಂದ ಇಳಿದ ಸಕ್ಕರೆ ಒಮ್ಮೆ ಏರಿದರೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಅದಕ್ಕೇ ಆ ಯಜಮಾನರನ್ನು ರಾತ್ರಿಯಿಡೀ ಡ್ರಿಪ್ ಹಾಕಿ ಮಲಗಿಸಿಕೊಂಡಿದ್ದೆ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಹಲವರು ಬಲ್ಲವರಲ್ಲ. ನಿಮ್ಮ ಮಾತ್ರೆಯ ಹಾಳೆಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ, ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುವ ಔಷಧಿ. ಅಂಥವರಿಗೆ ಅಡುಗೆಮನೆಯ ಸಕ್ಕರೆ ಕೊಟ್ಟರೂ ರಕ್ತಕ್ಕೆ ಸೇರುವುದು ನಿಧಾನ. ಅವರಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು. ಎರಡೂ ಮನೆಯಲ್ಲಿರಲಿ. ಮಾತ್ರೆಯ ಡಬ್ಬಿಯ ಪಕ್ಕ ಇಡಬೇಡಿ, ಅವಸರದಲ್ಲಿ ಕೈ ತಪ್ಪುತ್ತದೆ.

ಮುಂದಿನ ಯುಗಾದಿಗೆ ಎಂಟು ದಿನ ಮೊದಲು ಆ ಸೊಸೆ ಮಾವನನ್ನು ಕರೆದುಕೊಂಡು ಬಂದರು. "ಮಾತ್ರೆ ಹಾಕಿ ಹೋಳಿಗೆ ಮಾಡ್ಬಹುದಾ ಸಾರ್?" ಎಂಬುದು ಪ್ರಶ್ನೆ. ನಮ್ಮ ಮನೆಯ ಕತೆ ಹೇಳಿದೆ. ಬೆಲ್ಲದ ಹೋಳಿಗೆಯನ್ನೇ ಮಾಡಿ, ಅಂಗೈ ಅಗಲದ್ದು ಒಂದು, ಅಂದು ಅನ್ನವನ್ನು ಅರ್ಧ ಮಾಡಿ, ಹೋಳಿಗೆಯ ಜೊತೆ ಕೋಸಂಬರಿ ಹೆಚ್ಚಿರಲಿ, ಪಾಯಸ ಬೇಡ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿ ಎಂದೆ. ಯಜಮಾನರು "ಒಂದೇನಾ?" ಎಂದು ಸೊಸೆಯ ಕಡೆ ನೋಡಿದರು. ಆಕೆ "ಒಂದೇ ಮಾವ" ಎಂದರು. ಹೊರಡುವಾಗ ಅವರು ಎಲೆ ಅಡಿಕೆಯ ಸಂಚಿ ಬಿಚ್ಚಿ ನನಗೆ ತೋರಿಸಿದರು. ಸುಣ್ಣದ ಡಬ್ಬಿ, ನಾಲ್ಕು ಎಲೆ, ಒಂದು ಹಿಡಿ ಅಡಿಕೆ, ಅವುಗಳ ಜೊತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಗ್ಲೂಕೋಸ್ ಪುಡಿಯ ಪೊಟ್ಟಣ.